ಖಾಲಿ ಸೀಟು

ನಮ್ಮ ಆತಾರಿನ ಮಾತಿನಲ್ಲಿ
ಸೋದರಮಾವನನ್ನೂ ಖಾಲಿ ಅಂತಲೇ ಕರೆಯುತ್ತೇವೆ,
ಏನೂ ಉಳಿಯದ ಪಾತ್ರೆಯನ್ನೂ ಖಾಲಿ.
ಕರೆದವರ ಮುಖ ನೋಡಿ ಅರ್ಥ ಮಾಡಿಕೊಳ್ಳಬೇಕು.

ಯೆಸ್ಲೆಮ್, ನನ್ನ ಖಾಲಿ,
ಮೂವತ್ತೊಂದು ವರ್ಷ ಮರಳಿನಲ್ಲಿ ಗಾಡಿ ಓಡಿಸಿದವನು.
ಈಗ ಕಣ್ಣಿಗೆ ಕವಿದಿರುವುದು ಪೊರೆಯಲ್ಲ,
ಅದಕ್ಕಿಂತ ಹಠಮಾರಿ ಏನೋ.
ಲ್ಯಾಂಡ್ ಕ್ರೂಸರಿನ ಹೊಟ್ಟೆಯಡಿ ಅಂಗಾತ ಮಲಗಿ
ಬೆರಳಿನಿಂದಲೇ ಓದುತ್ತಾನೆ:
ಇಲ್ಲಿ ರಬ್ಬರು ಸೀಳಿದೆ, ಇಲ್ಲಿ ಗ್ರೀಸಿಗೆ ಮರಳು ಸೇರಿದೆ,
ಹಿಂದಿನ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಬೇಕು.
"ಇದು ಹತ್ತರ ಪಾನಾ. ಹನ್ನೆರಡು ಕೇಳಿದ್ದೆ."
ಕೊಡುತ್ತೇನೆ, ಮೆಲಹ್ಫದ ತುದಿ ಸೊಂಟಕ್ಕೆ ಸಿಕ್ಕಿಸಿಕೊಂಡು
ನಾನು, ಟೆಕ್ಬೆರ್, ಅವನ ತಂಗಿಯ ಮಗಳು,
ಈ ಸಲದ ಡ್ರೈವರು.

ಟಿಶಿತ್‌ನ ಬಾವಿಗೆ ಸೋಲಾರ್ ಪಂಪು ಮುಟ್ಟಿಸಬೇಕು.
ಐದು ದಿನದ ದಾರಿ;
ದಾರಿ ಅನ್ನುವುದು ಮರ್ಯಾದೆಗೆ.
ಹಿಂದೆ ಇನ್ನೊಂದು ಗಾಡಿಯಲ್ಲಿ ಸಿದಾತಿ ಬರುತ್ತಾನೆ,
ಮುಂದೆ, ನನ್ನ ಬಲಕ್ಕೆ, ಖಾಲಿ ಕೂರುತ್ತಾನೆ.
ಕಾಣದಿದ್ದರೇನು,
ಗಾಳಿಯ ವಾಸನೆ ಹಿಡಿದು ಎಡಕ್ಕೆ ಅನ್ನುವವನು,
ಚಕ್ರದ ಸದ್ದಿಗೆ, ಇಳಿ, ಗಾಳಿ ಬಿಡು ಅನ್ನುವವನು.
ಇದನ್ನು ಯಾರೂ ಯಾರನ್ನೂ ಕೇಳಿರಲಿಲ್ಲ.
ಹಾಗೇ ಎಂದುಕೊಂಡಿದ್ದೆವು.

ಸಂತೆಯಿಂದ ಕುರಿ ತೂಗುವ ತಕ್ಕಡಿ ತಂದೆವು.
ಪಂಪು, ತಟ್ಟೆ, ಪೈಪು. ಡೀಸೆಲ್ ಎಂಟು ಕ್ಯಾನು.
ಮರಳಲ್ಲಿ ಹೂತರೆ ಚಕ್ರದಡಿ ಹಾಸುವ ತೂತಿನ ತಗಡು ಎರಡು,
ಸಲಿಕೆ, ಜಾಕು, ಜಾಕೇ ಹೂತುಹೋಗದಂತೆ ಒಂದು ಹಲಗೆ,
ಟ್ಯೂಬು, ಬೆಲ್ಟು, ಟ್ಯಾಂಕು ಸೋರಿದರೆ ಮೆತ್ತಲು
ಬಟ್ಟೆ ಸೋಪಿನ ಒಂದು ಬಿಲ್ಲೆ.
ಸಿದಾತಿ ಮುಂಬದಿಗೆ ನಾಲ್ಕು ದೀಪ ತಂದ, ಹೊಳೆಯುವಂಥವು.
"ರಾತ್ರಿ ಮರಳಿಗಿಳಿಯುವ ಮೂರ್ಖನಿಗೆ
ಎಂಟಾದರೂ ಸಾಲವು," ಅಂದ ಖಾಲಿ. ದೀಪ ಇಳಿದವು.
ನನ್ನ ಕಬ್ಬಿಣದ ಪೆಟ್ಟಿಗೆ ಇಳಿಯಿತು,
ಅದರೊಳಗಿನ ಬಟ್ಟೆ ಗೋಣಿಗೆ ಬಂತು, ಆಮೇಲೆ ಅರ್ಧ ಗೋಣಿಗೆ.
ಚಹಾದ ಕೆಟಲಿ, ಮೂರು ಲೋಟ, ಸಕ್ಕರೆ ಗಡ್ಡೆ
ತಕ್ಕಡಿಗೆ ಬರಲೇ ಇಲ್ಲ.
ಕೆಲವನ್ನು ತೂಗುವುದು ಅವುಗಳಿಗೆ ಅವಮಾನ.

ಆದರೂ ಹೆಚ್ಚಾಯಿತು.
ಇನ್ನೂ ನೀರು ಪೂರ್ತಿ ಏರಿಸಿರಲಿಲ್ಲ.
ಮರಳಿನೊಡನೆ ಚೌಕಾಶಿ ನಡೆಯದು,
ಹೆಚ್ಚಾದ ಪ್ರತಿ ಕಿಲೋವನ್ನು
ಮಟಮಟ ಮಧ್ಯಾಹ್ನ, ನಮ್ಮ ಕೈಯಿಂದಲೇ ಅಗೆಸಿಕೊಳ್ಳುತ್ತದೆ.
ನಾಳೆ ನೋಡೋಣ ಅಂದೆ. ಮಲಗಿದೆವು.

ನಡುರಾತ್ರಿ ಅಂಗಳದಲ್ಲಿ ಪಾನಾದ ಸದ್ದು.
ಕಿರ್ರ್. ನಿಲ್ಲುವುದು. ಮತ್ತೆ ಕಿರ್ರ್.
ತುಕ್ಕು ಹಿಡಿದದ್ದಕ್ಕೆ ಎಣ್ಣೆ ಬಿಟ್ಟು ಕಾಯುವವನ ತಾಳ ಅದು,
ನನಗೆ ಗೊತ್ತು. ಏಳಬಹುದಿತ್ತು.

ಬೆಳಿಗ್ಗೆ ನೋಡಿದರೆ
ಬಲಬದಿಯ ಸೀಟು ಮಣ್ಣುಗೋಡೆಗೆ ಒರಗಿತ್ತು,
ಖಾಲಿ ಅದರಲ್ಲಿ ಕೂತು ಎರಡನೆಯ ಲೋಟ ಹೀರುತ್ತಿದ್ದ,
ಕಾಲು ಚಾಚಿ, ಒಳ್ಳೆ ಪ್ರಯಾಣಿಕನ ಹಾಗೆ.
ಸೀಟಿದ್ದಲ್ಲಿ ನೀರಿನ ನಾಲ್ಕು ಕ್ಯಾನು,
ಹಗ್ಗ ಬಿಗಿದು, ನಡುವೆ ಚಿಂದಿ ತುರುಕಿ, ಅಲುಗದಂತೆ.
"ನಾನು ಎಪ್ಪತ್ತೆರಡು. ಸೀಟು ಹದಿನಾಲ್ಕು.
ಲೆಕ್ಕ ಹಾಕು, ನಿನಗೇ ಇನ್ನೂ ಲಾಭ."
ಹಾಕಿದೆ. ಲಾಭವೇ ಇತ್ತು, ಆರು ಕಿಲೋ.
ಕಬ್ಬಿಣದ ಪೆಟ್ಟಿಗೆಯಿಂದ ಒಂದು ಕಂಬಳಿ ವಾಪಸು ಬಂತು.

ಸೀಟಿನ ಬೋಲ್ಟು ನಾಲ್ಕಿರಬೇಕು.
ಮೂರು, ಸಿಗರೇಟಿನ ಬೂದಿ ಉದುರಿಸುವ ತಟ್ಟೆಯಲ್ಲಿದ್ದವು.
ನಾಲ್ಕನೆಯದನ್ನು ಅವನು ದರಾದ ಜೇಬಿನಲ್ಲಿ
ಹೊರಳಿಸುತ್ತಾ ಕೂತಿದ್ದ, ಕೀಲಿಗೊಂಚಲಿಗೆ ತಾಗಿಸುತ್ತಾ.
ಕೇಳಿಸುತ್ತಿತ್ತು.
ಕೇಳಲಿಲ್ಲ.

ಊರಾಚೆ ಡಾಂಬರು ಮುಗಿದಲ್ಲಿ ಇಳಿದು
ನಾಲ್ಕೂ ಚಕ್ರದ ಗಾಳಿ ಬಿಟ್ಟೆ,
ಮೂವತ್ತೆಂಟರಿಂದ ಹದಿನೆಂಟು ಪೌಂಡಿಗೆ.
ಸಾಕೋ, ಇನ್ನೂ ಬಿಡಲೋ?
ಎರಡನೆಯ ಗೇರು ಹಾಕುತ್ತಾ ರೂಢಿಯಿಂದ ಬಲಕ್ಕೆ ತಿರುಗಿ
"ಖಾಲೀ," ಅಂದೆ.

ನೀರು ಕುಲುಕಿತು.